ಶಿಬಿರದ ಮರುದಿನ



ಠಾಣೆ, ಡೊಂಬಿವಲಿ, ಕಲ್ಯಾಣದ ಸ್ಟೇಷನ್ ರಸ್ತೆಗಳಲ್ಲಿ ಕಣ್ಣಿನ ಆಸ್ಪತ್ರೆಯ ಬೋರ್ಡುಗಳಿಗೆ ಬರವಿಲ್ಲ. ನವಿ ಮುಂಬಯಿಯಲ್ಲೂ ಅಷ್ಟೇ. ಆದರೂ ಇದೇ ಠಾಣೆ ಜಿಲ್ಲೆಯ ಮುರಬಾಡ, ಶಹಾಪುರದ ಆದಿವಾಸಿ ಪಾಡಾಗಳಲ್ಲಿ, ತುರ್ಭೆಯ ಝೋಪಡಪಟ್ಟಿಯಲ್ಲಿ, ಪೊರೆ ಬಂದ ಕಣ್ಣಿನ ಕತೆ ‘ವಯಸ್ಸಾಯಿತಲ್ಲ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 50 ದಾಟಿದವರ ಪೈಕಿ ಶೇ 1.99 ಮಂದಿ ಅಂಧರು. ಅಂಧರೆಂದರೆ, ಮೂರು ಮೀಟರ್ ಆಚೆ ಹಿಡಿದ ಬೆರಳುಗಳನ್ನು ಎಣಿಸಲಾಗದವರು. ಅವರಲ್ಲಿ ಶೇ 66.2 ಮಂದಿಯ ಕುರುಡುತನಕ್ಕೆ ಕಾರಣ ಬರೀ ಪೊರೆ. ಮೂವರಲ್ಲಿ ಇಬ್ಬರ ಕತ್ತಲೆಗೆ ಮದ್ದು ನಮ್ಮ ಕೈಯಲ್ಲೇ ಇದೆ. ಹಾಗಿದ್ದೂ ಅದು ಅವರನ್ನು ಮುಟ್ಟದಿದ್ದರೆ, ಕಣ್ಣಿನ ಚಿಕಿತ್ಸೆಗೆಂದು ಕೊಡುವ ದಾನದ ಹಣ ಎಲ್ಲಿ ಬೀಳುತ್ತಿದೆ ಎಂದು ಕೇಳಲೇಬೇಕು. ಅದು ಶಸ್ತ್ರಚಿಕಿತ್ಸೆಯ ಒಂದು ದಿನಕ್ಕಿಂತ ಅದರ ಹಿಂದುಮುಂದಿನ ದಿನಗಳಿಗೆ ಹೆಚ್ಚು ಹೋಗಬೇಕೆಂಬುದು ನನ್ನ ವಾದ.

ಕನ್ನಡಿಗರಿಗೆ ಉಚಿತ ನೇತ್ರಶಿಬಿರ ಎಂದೊಡನೆ ನೆನಪಾಗುವವರು ಬೀಳಗಿಯ ಡಾ. ಎಂ. ಸಿ. ಮೋದಿ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ, 1993ರವರೆಗೆ ಒಟ್ಟು 6,10,564: ಗಿನ್ನೆಸ್ ದಾಖಲೆಯ ಅಂಕಿಗಳಿವು. ವೈದ್ಯರೇ ಇಲ್ಲದ ಊರಿಗೆ ವೈದ್ಯನೇ ನಡೆದುಹೋದ ಕಾಲಕ್ಕೆ ಅಂಥ ಶಿಬಿರ ಸರಿಯಾದ ಉತ್ತರವಾಗಿತ್ತು. ಆ ಸಂಖ್ಯೆಯ ಮೋಹ ಮಾತ್ರ ನಮ್ಮನ್ನು ಇನ್ನೂ ಬಿಟ್ಟಿಲ್ಲ; ವಾರ್ಷಿಕ ವರದಿಯಲ್ಲಿ ಇವತ್ತಿಗೂ ಮೊದಲು ಕಾಣುವುದು ‘ಇಷ್ಟು ಶಿಬಿರ, ಇಷ್ಟು ಆಪರೇಷನ್’. ಈಗ ವೈದ್ಯರಿದ್ದಾರೆ, ದಾರಿಯಿಲ್ಲ. ಮುರಬಾಡದ ಮುದುಕಿ ಕಲ್ಯಾಣಕ್ಕೆ ಬರಬೇಕಾದರೆ ಜೊತೆಗೆ ಮಗನೋ ಸೊಸೆಯೋ ಬರಬೇಕು. ತಪಾಸಣೆಗೆ ಒಂದು ದಿನ, ಶಸ್ತ್ರಚಿಕಿತ್ಸೆಗೆ ಒಂದು, ಮರುಪರೀಕ್ಷೆಗೆ ಇನ್ನೊಂದು, ಹೀಗೆ ಮೂರು ದಿನದ ಕೂಲಿ ಹೋದ ಮೇಲೆ ‘ಉಚಿತ’ ಅನ್ನುವುದು ಯಾರ ಲೆಕ್ಕ?

ಮನೆಗೆ ಹೋದ ಮೇಲಿನ ಕತೆ ಇನ್ನೂ ಸೂಕ್ಷ್ಮ. ಕಣ್ಣಿಗೆ ಹಾಕುವ ಹನಿ ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ಐದು, ನಾಲ್ಕು, ಹೀಗೆ ಇಳಿಯುತ್ತ ಹೋಗುತ್ತದೆ. ಕಲಬುರಗಿ ಕಡೆಯಿಂದ ಬಂದು ನಾಕಾದಲ್ಲಿ ನಿಂತು ಕೂಲಿ ಹುಡುಕುವ ಹೆಂಗಸಿಗೆ ಇದನ್ನು ಮರಾಠಿ ಅಥವಾ ಇಂಗ್ಲಿಷ್ ಚೀಟಿಯಲ್ಲಿ ಬರೆದುಕೊಟ್ಟರೆ ಏನು ಬಂತು? ದೃಷ್ಟಿ ಪರೀಕ್ಷಿಸುವಾಗ ಅಕ್ಷರ ಬಾರದವರಿಗೆಂದೇ ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷ್ ‘E’ಗಳ ಚಾರ್ಟು ಇಟ್ಟಿದ್ದೇವೆ, ಬೆರಳಿನಲ್ಲಿ ದಿಕ್ಕು ತೋರಿಸಿದರೆ ಸಾಕು. ಔಷಧದ ಚೀಟಿಯ ಹತ್ತಿರ ಬರುವ ಹೊತ್ತಿಗೆ ಆ ವಿವೇಕ ಎಲ್ಲಿಗೋ ಹೋಗಿಬಿಡುತ್ತದೆ.

ಇದೆಲ್ಲ ಸರ್ಕಾರದ ಕೆಲಸ, 1976ರಿಂದಲೇ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಇರಲೂಬೇಕು. ಆದರೆ ಆಪರೇಷನ್ನಿಗೆ ಅನುದಾನ ಸಿಕ್ಕುವಷ್ಟು ಸುಲಭವಾಗಿ ಬಸ್ಸಿನ ಟಿಕೆಟ್ಟಿಗೆ, ಭಾಷೆ ಬಲ್ಲ ಕಾರ್ಯಕರ್ತೆಯ ಸಂಬಳಕ್ಕೆ ಸಿಕ್ಕುವುದಿಲ್ಲ. ದಾನಕ್ಕೆ ಜಾಗ ಇರುವುದು ಅಲ್ಲೇ. ಪುಕ್ಕಟೆ ಚಿಕಿತ್ಸೆ ಕಳಪೆಯಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ, ಅದು ಹಗುರವಾದುದಲ್ಲ. 2021ರಲ್ಲಿ ಬಿಹಾರದ ಮುಜಫ್ಫರ್‌ಪುರದಲ್ಲಿ ಶಿಬಿರಕ್ಕೆ ಬಂದ ಬಡವರ ಕಣ್ಣುಗಳನ್ನು ಸೋಂಕಿನಿಂದಾಗಿ ಕಿತ್ತೇ ತೆಗೆಯಬೇಕಾಯಿತು. ಹಾಗೆಂದು ದಾನ ಬೇಡವೇ? 1976ರಲ್ಲೇ ಡಾ. ಜಿ. ವೆಂಕಟಸ್ವಾಮಿ ಮದುರೈಯಲ್ಲಿ ಕಟ್ಟಿದ ಅರವಿಂದ್ ಆಸ್ಪತ್ರೆ ಉಳ್ಳವರ ಶುಲ್ಕದಿಂದ ಇಲ್ಲದವರ ಕಣ್ಣು ನೋಡುತ್ತ ಬಂದಿದೆ, ಗುಣಮಟ್ಟಕ್ಕೆ ಹೆಸರನ್ನೂ ಗಳಿಸಿದೆ. ಹಾಗಾಗಿ ಹಳ್ಳಿಯಲ್ಲಿ ತಪಾಸಣೆ ಇರಲಿ, ಕತ್ತರಿ ಮಾತ್ರ ಆಸ್ಪತ್ರೆಯ ಥಿಯೇಟರಿನಲ್ಲೇ. ಈ ಗೆರೆಯನ್ನು ಯಾವ ದಾನಿಯ ಮುಲಾಜಿಗೂ ದಾಟಬಾರದು.

ಪೊರೆಯ ಮಾತಿನಲ್ಲಿ ಚಾಳೀಸನ್ನು ಮರೆಯುವುದೂ ನಮ್ಮ ರೂಢಿ. ಭಿವಂಡಿಯ ಪವರ್‌ಲೂಮಿನಲ್ಲಿ ಕಡಿದ ಎಳೆ ಹುಡುಕಿ ಗಂಟು ಹಾಕುವವನಿಗೆ ನಲವತ್ತರ ಮೇಲೆ ಆ ಎಳೆಯೇ ಕಾಣದು. ಯಾವ ಪಟ್ಟಿಯಲ್ಲೂ ಅವನು ಅಂಧನಲ್ಲ, ಕೆಲಸ ಮಾತ್ರ ಹೋಗುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹತ್ತಿರದ ಕನ್ನಡಕ ಪಡೆದವರ ದುಡಿಮೆ ಪಡೆಯದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚು ಏರಿತ್ತು.

ಪೊರೆ ತೆಗೆಸಿಕೊಂಡವರಲ್ಲಿ ಶೇ 80 ಮಂದಿಗಾದರೂ 6/18, ಅಂದರೆ ಸರಿಯಾದ ಕಣ್ಣಿಗೆ 18 ಮೀಟರಿನಿಂದ ಕಾಣುವುದು ಆರು ಮೀಟರಿನಿಂದಲಾದರೂ ಕಾಣುವಷ್ಟು ದೃಷ್ಟಿ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ದಶಕಗಳಾದವು. ನೇತ್ರಸೇವೆಯ ಈ ಸಭೆಯಲ್ಲಿ ಇಂದು ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದೇ ಕೋರಿಕೆ: ಎಷ್ಟು ಶಿಬಿರ ನಡೆಸಿದಿರಿ ಎಂಬುದು ಆಮೇಲಿರಲಿ, ಆರು ವಾರದ ನಂತರ ಮರಳಿ ಬಂದವರೆಷ್ಟು, ಅವರಲ್ಲಿ ಕಂಡವರೆಷ್ಟು ಎಂಬುದನ್ನು ಮೊದಲು ಓದಿ.