ಜೋಳದ ರೊಟ್ಟಿಯೂ ಡಾಕ್ಟರ್ ಗೋಪಾಲನ್‌ರ ಜೀವಿತಕಾರ್ಯವೂ
(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಹಸಿದವನ ಹೊಟ್ಟೆ ತುಂಬಿಸುವದೇ ದಾಸೋಹವೆಂಬುದನ್ನು ಎಲ್ಲರೂ ಬಲ್ಲರು. ಹೊಟ್ಟೆ ತುಂಬಿದವನೂ ಒಮ್ಮೊಮ್ಮೆ ಅನ್ನದೋಷದಿಂದ ರೋಗಿಯಾಗುವದೇಕೆಂದು ಬೆನ್ನುಹತ್ತಿ ವಿಚಾರಿಸಿದವರು ವಿರಳ. ಡಾಕ್ಟರ್ ಸಿ. ಗೋಪಾಲನ್‌ರು ಅಂತಹವರು. 1918ರಲ್ಲಿ ಸೇಲಮ್ಮಿನಲ್ಲಿ ಜನಿಸಿ, ಮದ್ರಾಸಿನಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ, ಕೂನೂರಿನ ಆಹಾರ ಸಂಶೋಧನಾಲಯವನ್ನು ಸೇರಿದರು. ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಬಂದಿತು.

ಬಂದದ್ದು ಜೋಳದ ನಾಡಿಗೆ. ಭೀಮೆಯ ಸೀಮೆಯ ಕರಜಗಿಯವರಿಗೆ ರೊಟ್ಟಿಯ ಮಹಿಮೆಯನ್ನು ಬಣ್ಣಿಸಬೇಕಾದುದಿಲ್ಲ. ಆದರೆ ದಖ್ಖನದ ಬಡ ಕೂಲಿಕಾರರಲ್ಲಿ ಪೆಲ್ಲಾಗ್ರವೆಂಬ ವ್ಯಾಧಿಯು ಕಾಣುತ್ತಿದ್ದಿತು. ಬಿಸಿಲು ತಾಕುವ ಕೈ, ಕಾಲು, ಕೊರಳುಗಳ ತೊಗಲು ಕಪ್ಪಾಗಿ ಬಿರಿಯುವದು, ಭೇದಿ ಹತ್ತುವದು, ಕಡೆಗೆ ಬುದ್ಧಿಯೂ ಕದಡುವದು. ಅಮೇರಿಕೆಯಲ್ಲಿ ಈ ರೋಗವು ಗೋವಿನಜೋಳವನ್ನೇ ನಂಬಿದ ಬಡವರನ್ನು ಪೀಡಿಸಿದ್ದಿತು. ಅದು ಅಂಟುರೋಗವಲ್ಲ, ಆಹಾರದ ಕೊರತೆಯೆಂದು ಗೋಲ್ಡ್‌ಬರ್ಗರ್ ಎಂಬ ವೈದ್ಯರು ತೋರಿಸಿದ್ದರು. ಗೋವಿನಜೋಳದಲ್ಲಿಯ ನಿಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕದು. ನಮ್ಮ ಜೋಳದಲ್ಲಿ ಅದು ದಕ್ಕುವಂತಿದ್ದರೂ ರೋಗವೇಕೆ? ಗೋಪಾಲನ್‌ರೂ ಶ್ರೀಕಂಠಯ್ಯನವರೂ 1960ರಲ್ಲಿ ಉತ್ತರವಿತ್ತರು: ಜೋಳದಲ್ಲಿ ಲ್ಯೂಸಿನ್ ಎಂಬ ಅಂಶವು ಮಿತಿಮೀರಿದ್ದು, ನಿಯಾಸಿನ್ನಿನ ಕೆಲಸವನ್ನು ಕೆಡಿಸುವದು. ಈ ವಾದವನ್ನು ಎಲ್ಲ ಪಂಡಿತರೂ ಒಪ್ಪಲಿಲ್ಲವೆಂಬುದನ್ನೂ ಹೇಳತಕ್ಕದ್ದೇ.

ಇದನ್ನು ಕೇಳಿ ಜೋಳವನ್ನು ಹಳಿಯುವದು ಅವಿವೇಕ. ತೊಗರಿಬೇಳೆ, ಸೊಪ್ಪು, ಮಜ್ಜಿಗೆಗಳೊಡನೆ ರೊಟ್ಟಿ ಉಂಡವನಿಗೆ ಭಯವಿಲ್ಲ. ಬರಿಯ ರೊಟ್ಟಿ ಖಾರವನ್ನೇ ವರ್ಷವಿಡೀ ಉಣ್ಣಬೇಕಾದವನಿಗೇ ಆಪತ್ತು. ತೊಗರಿ ಬೆಳೆಯುವ ಈ ಜಿಲ್ಲೆಯ ಕೂಲಿಯವನಿಗೇ ಬೇಳೆ ದೊರೆಯದಿದ್ದರೆ ತಪ್ಪು ಕಾಳಿನದೇ?

ಮಕ್ಕಳ ವಿಷಯದಲ್ಲಿಯೂ ಅವರ ದೃಷ್ಟಿ ಇದೇ. ಲೋಕವೆಲ್ಲ ಪ್ರೋಟೀನಿನ ಕೊರತೆಯೆಂದು ಬೆಲೆಯುಳ್ಳ ಪುಡಿಗಳನ್ನು ಹೊಗಳುತ್ತಿದ್ದಾಗ, ಬಡಮಕ್ಕಳಿಗೆ ಮೊದಲು ಬೇಕಾದುದು ಹೊಟ್ಟೆತುಂಬ ಊಟವೆಂದು ಅವರು ವಾದಿಸಿದರು. ದಿನಕ್ಕೆ 310 ಕ್ಯಾಲೊರಿಯನ್ನೂ ಕೇವಲ 3 ಗ್ರಾಂ ಪ್ರೋಟೀನನ್ನೂ 14 ತಿಂಗಳು ಹೆಚ್ಚಿಗೆ ಕೊಟ್ಟಾಗ ಕೂಸುಗಳ ಎತ್ತರವೂ ತೂಕವೂ ಹೆಚ್ಚಿದುದನ್ನು 1973ರಲ್ಲಿ ಪ್ರಕಟಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮುಖ್ಯಸ್ಥರಾದರು. 1980ರಲ್ಲಿ ನ್ಯೂಟ್ರಿಷನ್ ಫೌಂಡೇಶನ್ ಸ್ಥಾಪಿಸಿದರು. 2019ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು.

2002ರಲ್ಲಿ ಸರಕಾರವು ಶಾಲೆಯ ಮಧ್ಯಾಹ್ನದ ಬಿಸಿಯೂಟವನ್ನು ಮೊದಲು ಈ ಭಾಗದ ಜಿಲ್ಲೆಗಳಲ್ಲಿ ಆರಂಭಿಸಿ, ಅದಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿತು. ಹೆಸರು ಮಠಗಳಿಂದ ಹೋದುದು. ಅದರ ಸಾರಿನಲ್ಲಿ ಬೇಳೆಯೆಷ್ಟು ಬಿದ್ದಿದೆಯೆಂದು ಸೌಟು ತಿರುವಿ ನೋಡುವ ಕೆಲಸವು ಊರಿನ ಹಿರಿಯರದು, ತಾಯಂದಿರದು.