ಹೊಳೆ ದಾಟಿದ ರಾತ್ರಿ

ಪಡಸಾಲೆ ಇರುವುದೇ ಬಂದವರಿಗಾಗಿ ಎನ್ನುತ್ತಿದ್ದಳು ಚಂದ್ರಬಂಡದ ನಮ್ಮ ಅಜ್ಜಿ. ಹೊತ್ತು ಮುಳುಗಿದ ಮೇಲೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಆಮೇಲೆ ಕಂಬಳಿ. ಊರು, ಹೆಸರು ಕೇಳುವುದು ಬೆಳಗ್ಗೆ.

ಈಗ ಊರಿಗೆ ಹೊರಟರೆ ಮೊಬೈಲಿನಲ್ಲಿ ಲಾಡ್ಜ್ ಹುಡುಕುತ್ತೇವೆ. ತಪ್ಪಲ್ಲ. ಆದರೆ ನಮ್ಮ ರಾಯಚೂರು ತಾಲ್ಲೂಕಿನದೇ ಕುರವಪುರಕ್ಕೊಮ್ಮೆ ಹೋಗಿ ಬನ್ನಿ. ಸುತ್ತ ಕೃಷ್ಣೆ, ನಡುವೆ ಶ್ರೀಪಾದ ಶ್ರೀವಲ್ಲಭರ ನಡುಗಡ್ಡೆ. ಅಲ್ಲಿ ಅರ್ಚಕರೊಬ್ಬರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಚಾಪೆ, ಬಿಸಿ ಅನ್ನ, ತೊವ್ವೆ. ಕರೆಂಟು ಹೋದಾಗ ಹೊಳೆಯ ಸದ್ದು ತಲೆದಿಂಬಿನ ಹತ್ತಿರವೇ ಬಂದಂತಾಯಿತು. ಬೆಳಗ್ಗೆ ಎಷ್ಟು ಕೊಡಲೆಂದು ಕೇಳಿದರೆ, "ನಿಮಗ ತಿಳಿದಷ್ಟು ಇಡ್ರಿ" ಎಂದರು ಆ ಮನೆಯ ತಾಯಿ. ಅಂಥ ಕಡೆ ಅಗ್ಗವಾಯಿತೆಂದು ಕೈ ಬಿಗಿಹಿಡಿಯಬಾರದು, ಮನಸ್ಸು ಬಿಚ್ಚಿ ಕೊಡಬೇಕು.

ರಾಯರು 1671ರಲ್ಲಿ ವೃಂದಾವನಸ್ಥರಾದ ಮಂತ್ರಾಲಯವೂ ನಮಗೆ ದೂರವಲ್ಲ. ಅಲ್ಲಿ ಮಠದ್ದೇ ವಸತಿಗೃಹಗಳಿವೆ. ಶ್ರಾವಣದ ಆರಾಧನೆಗೆ ಹೋಗುವವರು ಮಾತ್ರ ಮೊದಲೇ ಕೋಣೆ ಹಿಡಿದುಕೊಳ್ಳಬೇಕು.

ಕುರವಪುರಕ್ಕೆ ಮಳೆಗಾಲದಲ್ಲಿ ಹೊರಡುವುದಾದರೆ, ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ಹೊರಡಿ. ಹೊಳೆ ತುಂಬಿದ ದಿನ ದೋಣಿ ದಡ ಬಿಡುವುದಿಲ್ಲ.