ಗೀಜಗನ ಗೃಹಸ್ಥಾಶ್ರಮ

ಗೀಜಗನ ಗೂಡನ್ನು ನೋಡದವರು ನಮ್ಮಲ್ಲಿ ವಿರಳ. ಪಟ್ಟಣದಲ್ಲಿಯೇ ಹುಟ್ಟಿ ಬೆಳೆದವರು ಕೂಡ ಕೆರೆಯಂಚಿನ ಈಚಲ ಮರದಲ್ಲಿಯೋ, ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿಯೋ ಸೋರೆಬುರುಡೆಗಳಂತೆ ತೂಗಾಡುವ ಆ ಹುಲ್ಲುಮನೆಗಳನ್ನು ರೈಲಿನ ಕಿಟಕಿಯಿಂದಲಾದರೂ ಕಂಡಿರುತ್ತಾರೆ. ಮಳೆಯಲ್ಲಿ ನಡುಗುತ್ತಿದ್ದ ಕಪಿಗೆ ಬುದ್ಧಿ ಹೇಳಹೋಗಿ ತನ್ನ ಗೂಡನ್ನೇ ಕಳೆದುಕೊಂಡ ಹಕ್ಕಿಯ ಕಥೆಯನ್ನು ಪಂಚತಂತ್ರದ ಮೂಲಕ ನಾವೆಲ್ಲರೂ ಬಲ್ಲೆವು. ಇರುಳಾದೊಡನೆ ಈ ಹಕ್ಕಿಯು ಮಿಂಚುಹುಳುವನ್ನು ಹಿಡಿದು ಹಸಿಮಣ್ಣಿಗೆ ಅಂಟಿಸಿ ಮನೆಗೆ ದೀಪವಿಡುತ್ತದೆಂದು ಅಜ್ಜಿಯರು ಹೇಳುವುದುಂಟು. ಹೀಗೆ ಗೀಜಗವು ನಮ್ಮ ಪಾಲಿಗೆ ಆದರ್ಶ ಗೃಹಸ್ಥನಾಗಿದೆ: ದಂಪತಿಗಳು ಕೂಡಿ ದುಡಿದು, ಮನೆ ಕಟ್ಟಿ, ದೀಪ ಹಚ್ಚಿ, ಮಕ್ಕಳನ್ನು ಸಾಕುವ ಚಿತ್ರವದು.

ಚಿತ್ರವು ಸುಂದರವಾಗಿದೆ. ಅದು ನಿಜವೇ ಎಂಬುದನ್ನು ಮಾತ್ರ ಗೂಡಿನ ಮುಂದೆ ಕುಳಿತು ನೋಡಿಯೇ ನಿರ್ಣಯಿಸಬೇಕು.

ಹಾಗೆ ಕುಳಿತು ನೋಡಿದವರಲ್ಲಿ ಸ್ಮರಣೀಯರು ಸಲೀಂ ಅಲಿಯವರು. ಬರ್ಲಿನ್ ನಗರದಲ್ಲಿ ಪಕ್ಷಿಶಾಸ್ತ್ರವನ್ನು ಅಭ್ಯಾಸಮಾಡಿ 1930ರಲ್ಲಿ ಮುಂಬಯಿಗೆ ಹಿಂದಿರುಗಿದಾಗ, ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಉದ್ಯೋಗವು ರದ್ದಾಗಿ ಹೋಗಿತ್ತು. ಅವರು ಅಂದಿನ ಕೊಲಾಬಾ ಜಿಲ್ಲೆಯ ಸಮುದ್ರತೀರದಲ್ಲಿದ್ದ ಕೀಹೀಮ್ ಎಂಬ ಗ್ರಾಮಕ್ಕೆ ಹೋಗಿ ನೆಲೆಸಿದರು. ಮನೆಯ ಸಮೀಪದಲ್ಲಿಯೇ ಗೀಜಗಗಳ ವಸತಿಯೊಂದಿತ್ತು. ಆ ಕಾಲದ ಪಕ್ಷಿಶಾಸ್ತ್ರವು ಬಹುಮಟ್ಟಿಗೆ ಹಕ್ಕಿಗಳನ್ನು ಹೊಡೆದು, ಅಳೆದು, ಹೆಸರಿಡುವ ಶಾಸ್ತ್ರವಾಗಿದ್ದಿತು. ಇವರಾದರೋ ಏಣಿಯ ಮೇಲೆ ಬಟ್ಟೆಯ ಮರೆಯನ್ನು ಕಟ್ಟಿ, ಅದರೊಳಗೆ ದಿನದಿನವೂ ಗಂಟೆಗಟ್ಟಲೆ ಕುಳಿತು, ಬದುಕಿರುವ ಹಕ್ಕಿಯ ನಡೆಯನ್ನು ಬರೆದುಕೊಂಡರು. ಅದರ ಫಲವು 1931ರಲ್ಲಿ ಮುಂಬಯಿ ನಿಸರ್ಗಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ಕಂಡದ್ದು ಏನೆಂದರೆ, ಗೂಡನ್ನು ನೇಯುವುದು ಗಂಡು ಹಕ್ಕಿ. ಮಳೆಗಾಲ ಬಂದೊಡನೆ ಅದರ ನೆತ್ತಿಗೆ ಹಳದಿಯ ಬಣ್ಣವೇರುತ್ತದೆ. ಹುಲ್ಲು, ಭತ್ತ, ಈಚಲು ಇವುಗಳ ಗರಿಯಂಚನ್ನು ಕೊಕ್ಕಿನಿಂದ ಕಚ್ಚಿ, ಉದ್ದನೆಯ ಎಳೆಯಾಗಿ ಸೀಳಿ ತರುತ್ತದೆ. ಒಂದು ಗೂಡಿಗೆ ಸುಮಾರು ಐನೂರು ಬಾರಿಯವರೆಗೂ ಹೋಗಿಬರುವುದುಂಟು. ಆದರೆ ಅದು ಗೂಡನ್ನು ಪೂರ್ತಿ ಮಾಡುವುದಿಲ್ಲ. ಮಗುಚಿದ ಟೋಪಿಯ ಆಕಾರಕ್ಕೆ ಬಂದೊಡನೆ ಕೆಲಸವನ್ನು ನಿಲ್ಲಿಸಿ, ರೆಕ್ಕೆ ಬಡಿದು ಕೂಗಿ ಹೆಣ್ಣುಗಳನ್ನು ಆಹ್ವಾನಿಸುತ್ತದೆ. ಹೆಣ್ಣುಗಳು ಬರುತ್ತವೆ, ಒಳಹೊಕ್ಕು ನೋಡುತ್ತವೆ, ಎಳೆದು ಪರೀಕ್ಷಿಸುತ್ತವೆ. ಒಪ್ಪಿಗೆಯಾಗದಿದ್ದರೆ ಹೊರಟುಹೋಗುತ್ತವೆ. ಒಪ್ಪಿದ ಹೆಣ್ಣು ಗೂಡನ್ನು ವಶಪಡಿಸಿಕೊಂಡ ಮೇಲೆ ಗಂಡು ಮೊಟ್ಟೆಯ ಕೋಣೆಯನ್ನೂ ಉದ್ದನೆಯ ನಳಿಗೆಯಂತಹ ಬಾಗಿಲನ್ನೂ ಮುಗಿಸಿಕೊಡುತ್ತದೆ. ಎರಡರಿಂದ ನಾಲ್ಕು ಬಿಳಿಯ ಮೊಟ್ಟೆಗಳಿಗೆ ಕಾವು ಕೊಡುವವಳು ಹೆಣ್ಣೇ. ಗಂಡು ಅಷ್ಟರಲ್ಲಿ ಪಕ್ಕದ ಕೊಂಬೆಯಲ್ಲಿ ಮತ್ತೊಂದು ಗೂಡಿಗೆ ಆರಂಭಮಾಡಿ, ಮತ್ತೊಬ್ಬಳನ್ನು ಆಹ್ವಾನಿಸುತ್ತಿರುತ್ತದೆ!

ನಮ್ಮ ಆದರ್ಶ ಗೃಹಸ್ಥನು ಹೀಗಾದನು. ದೀಪದ ಮಾತೂ ನಿಲ್ಲುವುದಿಲ್ಲ. ಗೂಡಿನ ಒಳಮೈಯಲ್ಲಿ ಮಣ್ಣಿನ ಉಂಡೆಗಳಿರುವುದು ನಿಜ. ಆದರೆ ಹಗಲೆಲ್ಲ ದುಡಿದು ಇರುಳು ಮಲಗುವ ಹಕ್ಕಿಗೆ ದೀಪದಿಂದ ಆಗಬೇಕಾದುದೇನು?

ಇದನ್ನು ಕೇಳಿ ಗೀಜಗದ ಮೇಲೆ ನಮಗಿದ್ದ ಗೌರವ ಕುಗ್ಗಬೇಕೆ? ಹಕ್ಕಿಯ ಧರ್ಮವನ್ನು ನಮ್ಮ ಧರ್ಮಶಾಸ್ತ್ರದಿಂದ ಅಳೆಯುವುದು ಉಚಿತವಲ್ಲ. ಅದು ಹೀಗೆ ಬಾಳುವುದೇಕೆ ಎಂದು ಕೇಳುವುದೇ ಶಾಸ್ತ್ರದ ಮಾರ್ಗ. ಈ ಪ್ರಶ್ನೆಗೆ ಜೆ. ಎಚ್. ಕ್ರುಕ್ ಎಂಬ ಆಂಗ್ಲ ವಿದ್ವಾಂಸರು ಆಫ್ರಿಕಾ ಮತ್ತು ಏಷ್ಯಾ ಖಂಡಗಳ ನೇಕಾರ ಹಕ್ಕಿಗಳನ್ನು ಹೋಲಿಸಿ 1964ರಲ್ಲಿ ಉತ್ತರವಿತ್ತರು. ದಟ್ಟವಾದ ಕಾಡಿನಲ್ಲಿ ಹುಳುಗಳನ್ನು ತಿಂದು ಬಾಳುವ ಜಾತಿಗಳು ಸಾಮಾನ್ಯವಾಗಿ ಒಂಟಿಮನೆಯವು, ಏಕಪತ್ನೀವ್ರತಸ್ಥವಾದವು. ಅಲ್ಲಿ ಆಹಾರವು ಚದುರಿರುವುದರಿಂದ ಮರಿಗಳನ್ನು ಸಾಕಲು ತಂದೆತಾಯಿಗಳಿಬ್ಬರೂ ದುಡಿಯಬೇಕು. ಬಯಲಿನಲ್ಲಿ ಕಾಳನ್ನು ತಿನ್ನುವ ಜಾತಿಗಳಿಗೆ ಋತುವಿನಲ್ಲಿ ಆಹಾರವು ರಾಶಿಯಾಗಿ ದೊರೆಯುತ್ತದೆ; ಗೂಡಿಗೆ ಭದ್ರವಾದ ಮರಗಳು ಮಾತ್ರ ಕೆಲವೇ. ಆದ್ದರಿಂದ ಅವು ಗುಂಪುಗೂಡುತ್ತವೆ, ಗಂಡಿಗೆ ಬಿಡುವು ದೊರೆಯುತ್ತದೆ, ಬಹುಪತ್ನೀತ್ವವು ನೆಲೆಗೊಳ್ಳುತ್ತದೆ. ಸಂಸಾರದ ರೀತಿಯು ನೆಲದ ರೀತಿಯನ್ನು ಅನುಸರಿಸುತ್ತದೆಂಬ ಈ ತತ್ತ್ವವು ಆಮೇಲಿನ ಪ್ರಾಣಿಶಾಸ್ತ್ರಕ್ಕೆ ದಾರಿದೀಪವಾಯಿತು. ಹೆಣ್ಣು ಗೂಡನ್ನು ಆರಿಸುವಾಗ ನೇಯ್ಗೆಯ ಅಂದಕ್ಕಿಂತ ಗೂಡು ತೂಗುವ ಸ್ಥಳಕ್ಕೇ ಹೆಚ್ಚು ಬೆಲೆ ಕೊಡುತ್ತದೆಂಬುದೂ ಈ ಶತಮಾನದಲ್ಲಿ ಭಾರತದಲ್ಲಿಯೇ ನಡೆದ ಪರಿಶೋಧನೆಗಳಿಂದ ತಿಳಿದುಬಂದಿದೆ.

ಸ್ಥಳದ ಈ ಮಾತು ಲಘುವಾದುದಲ್ಲ. ನಮ್ಮ ಗೀಜಗಕ್ಕೆ ಒಬ್ಬ ದಾಯಾದಿಯಿದೆ. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದ ಜವುಗು ಹುಲ್ಲುಗಾವಲುಗಳಲ್ಲಿ ವಾಸಿಸುವ ಈ ಹಕ್ಕಿಯನ್ನು ಆಂಗ್ಲರು ಫಿನ್ನನ ನೇಕಾರ ಎಂದು ಕರೆದರು. ಹ್ಯೂಮ್ ಎಂಬುವರು 1869ರಲ್ಲಿ ಇದನ್ನು ಶಾಸ್ತ್ರಕ್ಕೆ ಪರಿಚಯಿಸಿದರು. ಇದೂ ನಿಪುಣ ನೇಕಾರನೇ. ಆದರೆ ಹುಲ್ಲುಗಾವಲುಗಳು ಹೊಲಗದ್ದೆಗಳಾಗಿ ಮಾರ್ಪಟ್ಟುವು. ಹಕ್ಕಿಯ ಸಂಖ್ಯೆ ಇಳಿಯಿತು. 2021ರಲ್ಲಿ ಇದನ್ನು ಅಳಿವಿನ ಅಪಾಯದಲ್ಲಿರುವ ಪಕ್ಷಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕಾಯಿತು. ನೇಯುವ ಕೌಶಲವೊಂದೇ ಹಕ್ಕಿಯನ್ನು ಉಳಿಸಲಾರದು. ಎಳೆಯನ್ನು ಕೊಡುವ ಹುಲ್ಲೂ ಗೂಡನ್ನು ಹೊರುವ ಕೊಂಬೆಯೂ ಇರಬೇಕು.

ನೋಡುವುದಕ್ಕೂ ಉಳಿಸುವುದಕ್ಕೂ ಇರುವ ಸಂಬಂಧವು ನಮ್ಮ ನಾಡಿನಲ್ಲಿಯೇ ಸಾಕ್ಷಾತ್ತಾಗಿದೆ. ಅದೇ ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಪರಿಶೀಲನೆಗಾಗಿ ಸಂಚರಿಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಅವರು ಕಂಡು ಹೇಳಿದ ಮೇಲೆಯೇ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಇದಕ್ಕೆ ದೊಡ್ಡ ಉಪಕರಣಗಳೇನೂ ಬೇಡ. ಒಂದು ದುರ್ಬೀನು, ಒಂದು ಟಿಪ್ಪಣಿಯ ಪುಸ್ತಕ, ಬೇಕಾದಷ್ಟು ತಾಳ್ಮೆ, ಇಷ್ಟೇ ಸಾಕು. ಮುಂದಿನ ಮಳೆಗಾಲದಲ್ಲಿ ನಿಮ್ಮ ಊರಿನ ಕೆರೆಯ ಕಡೆಗೆ ಹೋಗಿ, ಗೂಡುಗಳಿರುವ ಮರದಿಂದ ದೂರದಲ್ಲಿ ನಿಂತು, ಎಷ್ಟು ಗೂಡುಗಳು ಅರ್ಧವಾಗಿವೆ, ಎಷ್ಟು ಪೂರ್ತಿಯಾಗಿವೆ ಎಂದು ಎಣಿಸಿರಿ, ದಿನಾಂಕದೊಡನೆ ಬರೆದಿಡಿರಿ. ಮಕ್ಕಳನ್ನೂ ಕರೆದೊಯ್ಯಿರಿ. ಅರ್ಧಗೂಡು ಸೋಮಾರಿಯ ಕೆಲಸವಲ್ಲ, ಒಪ್ಪಿಗೆಗಾಗಿ ಕಾದಿರುವ ಮನೆಯೆಂದು ಅವರಿಗೆ ತಿಳಿಸಿರಿ. ಅಷ್ಟನ್ನು ತಿಳಿದ ಮಗು ಆ ಮರಕ್ಕೆ ಕಲ್ಲೆಸೆಯಲಾರದು. ಬೆಳೆದ ಮೇಲೆ ಅದನ್ನು ಕಡಿಯಲು ಸುಲಭವಾಗಿ ಒಪ್ಪಲೂ ಆರದು.